ಒಂದೇ ರೆಕಾರ್ಡಿಂಗ್ ಹೇಳಿ: ನಿಮ್ಮ ಕಿವಿಯಲ್ಲಿ ಉಳಿದ ಗಿಟಾರ್ ಅಥವಾ ಬೇಸ್ ಟೋನ್ ಯಾವುದು?

ಬಸವನಗುಡಿ ಬೇಸ್

ಎಲ್ಲರಿಗೂ ನಮಸ್ಕಾರ. ಒಂದು ಟೋನ್ ಹುಡುಕುತ್ತಿದ್ದೇನೆ. ಸ್ವಲ್ಪ ಸಹಾಯ ಬೇಕು.

ನನ್ನ ಸೋದರಮಾವ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಹಬ್ಬಕ್ಕೆ ಶುರುವಾದರೆ ನವೆಂಬರ್ ತಿಂಗಳ ರಾಜ್ಯೋತ್ಸವ ಮುಗಿಯುವವರೆಗೆ ಅವರು ರಾತ್ರಿ ಮನೆಯಲ್ಲಿ ಊಟ ಮಾಡಿದ್ದೇ ಕಡಿಮೆ. ಶ್ರೀನಗರ, ಹನುಮಂತನಗರ, ಚಾಮರಾಜಪೇಟೆ, ಹೀಗೆ ರಸ್ತೆಗೆ ಅಡ್ಡಲಾಗಿ ಸ್ಟೇಜ್ ಹಾಕಿದ ಕಡೆಯೆಲ್ಲ ನುಡಿಸಿದ್ದಾರೆ. ನಾನು ಚಿಕ್ಕವನಿದ್ದಾಗ ನನ್ನನ್ನು ಸ್ಟೇಜಿನ ಪಕ್ಕ, ಬೇಸ್ ಬಾಕ್ಸಿನ ಹತ್ತಿರ ಕೂರಿಸುತ್ತಿದ್ದರು. 'ಜೊತೆಯಲಿ ಜೊತೆ ಜೊತೆಯಲಿ' ಶುರುವಾದರೆ ಎದೆಯೊಳಗೆ ಯಾರೋ ನಡೆದಾಡಿದ ಹಾಗೆ ಆಗುತ್ತಿತ್ತು.

ಮಾವ ತೀರಿಕೊಂಡು ನಾಲ್ಕು ವರ್ಷ ಆಯಿತು. ಹೋದ ತಿಂಗಳು ಅತ್ತೆ ಆ ಬೇಸನ್ನು ನನಗೆ ಕೊಟ್ಟರು. ಕೇಸಿನೊಳಗೆ ಎರಡು ಹಳೇ ಕೇಬಲ್, ಮಡಚಿದ ಒಂದು ಕರ್ಚೀಫು, ಮಾವನ ಕೈಬರಹದ ಹಾಡಿನ ಪಟ್ಟಿ ಇದ್ದವು. ತಂತಿಗಳು ಕಪ್ಪಾಗಿದ್ದವು. ಮುಟ್ಟಿದರೆ ರಿಬ್ಬನ್ ಹಾಗೆ ನುಣ್ಣಗೆ. ನೆಕ್ ಬಾಗಿದ್ದರಿಂದ ಒಂದು ಅಂಗಡಿಗೆ ಸೆಟಪ್ ಮಾಡಿಸಲು ಕೊಟ್ಟೆ. ವಾಪಸ್ ತರಲು ಹೋದರೆ ಹೊಸ ತಂತಿ ಹಾಕಿದ್ದರು. ಹಳೆಯದು ಎಲ್ಲಿ ಎಂದು ಕೇಳಿದೆ. ಕಸಕ್ಕೆ ಹಾಕಿಬಿಟ್ಟೆವು ಎಂದರು. ಅಂಗಡಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಈಗ ಅದೇ ಬೇಸ್ ಪಾತ್ರೆ ಬಡಿದ ಹಾಗೆ ಟಣ್ ಎನ್ನುತ್ತದೆ. ನನಗೆ ಬೇಕಿರುವುದು ಆ ಗುಂಡಗಿನ, ಬಿದ್ದ ಕೂಡಲೇ ನಿಲ್ಲುವ ಸದ್ದು. ನನ್ನ ಆಯ್ಕೆ 1981ರ 'ಗೀತಾ' ಚಿತ್ರದ ಆ ಹಾಡೇ. ಇಳಯರಾಜ ಸಂಗೀತ, ಎಸ್.ಪಿ.ಬಿ. ಮತ್ತು ಎಸ್. ಜಾನಕಿ ಹಾಡಿದ್ದು. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಮಾತನ್ನೂ ರಾಗವನ್ನೂ ಬಿಟ್ಟು ಬೇಸ್ ಹಿಂದೆಯೇ ಹೋಗಿ ನೋಡಿ. ಹಾಡನ್ನು ಮುಂದಕ್ಕೆ ನಡೆಸುವುದು ಅದೇ.

ನಿಮಗೆ ಇಷ್ಟವಾದ ಒಂದೊಂದು ರೆಕಾರ್ಡಿಂಗ್ ಹೇಳಿ. ಆ ಸದ್ದು ಹೇಗೆ ಬಂತು ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ. ಎಲ್ಲಿಂದಲಾದರೂ ನನಗೆ ದಾರಿ ಸಿಗಬಹುದು.

ಪಿಕ್ ಇಲ್ಲದವನು

ಸಾರ್, ತಂತಿ ವಿಷಯ ಓದಿ ಹೊಟ್ಟೆ ಉರಿಯಿತು. ಸಂಗೀತದ ಸಾಮಾನು ಕೊಟ್ಟಾಗ ಕೇಳದೆ ಏನನ್ನೂ ಬಿಸಾಡಬಾರದು.

ನನ್ನದು 'ಸುಲ್ತಾನ್ಸ್ ಆಫ್ ಸ್ವಿಂಗ್', ಡೈರ್ ಸ್ಟ್ರೇಟ್ಸ್, 1978. ಮಾರ್ಕ್ ನಾಪ್‌ಫ್ಲರ್ ತಂತಿ ಮೀಟುವ ಪಿಕ್ ಹಿಡಿಯುವುದಿಲ್ಲ. ಹೆಬ್ಬೆರಳು, ಪಕ್ಕದ ಎರಡು ಬೆರಳು, ಅಷ್ಟೇ. ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ಪಿಕಪ್ ಎಂದರೆ ತಂತಿಯ ಕಂಪನ ಹಿಡಿಯುವ ಭಾಗ, ಬ್ರಿಡ್ಜ್ ಎಂದರೆ ತಂತಿ ಕಟ್ಟುವ ತುದಿ. ಬ್ರಿಡ್ಜ್ ಪಿಕಪ್ ಮತ್ತು ನಡುವಿನ ಪಿಕಪ್ ಎರಡೂ ಒಟ್ಟಿಗೆ ಕೆಲಸ ಮಾಡುವಂತೆ ಸ್ವಿಚ್ ಇಟ್ಟಾಗ ಕೆಲವು ಸದ್ದುಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ಉಳಿಯುವುದು ಒಳಗೆ ಟೊಳ್ಳಾದ, ಮೇಲೆ ಚುರುಕಾದ ಸದ್ದು. ಅದರ ಮೇಲೆ ಬೆರಳಿನ ಮಾಂಸ ತಂತಿಯನ್ನು ಎಳೆದು ಬಿಡುವ ಚಟ್ ಎಂಬ ಶಬ್ದ.

2005ರಲ್ಲಿ ಅವರು ಅರಮನೆ ಮೈದಾನಕ್ಕೆ ಬಂದಾಗ ನಾನು ಬಲು ದೂರದಲ್ಲಿ ನಿಂತಿದ್ದೆ. ವೇದಿಕೆ ಮೇಲೆ ಮನುಷ್ಯರು ಬೆರಳುದ್ದ ಕಾಣುತ್ತಿದ್ದರು. ಆದರೆ ಆ ಬೆರಳಿನ ಶಬ್ದ ಅಷ್ಟು ದೂರಕ್ಕೂ ಬಂತು. ಮಾರನೇ ದಿನವೇ ಪಿಕ್ ತೆಗೆದಿಟ್ಟೆ. ಇವತ್ತಿಗೂ ಮುಟ್ಟಿಲ್ಲ.

ಮಲ್ಲೇಶ್ವರದ ಮೋಟೌನ್

ಬಸವನಗುಡಿ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಡೆಟ್ರಾಯ್ಟ್‌ನಲ್ಲಿದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಅಲ್ಲಿನ ಮೋಟೌನ್ ರೆಕಾರ್ಡ್ ಕಂಪನಿಯ ಬೇಸಿಸ್ಟ್ ಜೇಮ್ಸ್ ಜೇಮರ್ಸನ್. 1960ರ ದಶಕದಲ್ಲಿ ಆ ಕಂಪನಿಯಿಂದ ಬಂದ ಹಿಟ್ ಹಾಡುಗಳಲ್ಲಿ ಬಹಳಷ್ಟಕ್ಕೆ ಬೇಸ್ ಇವರದೇ. ಅವರ ಹತ್ತಿರ ಇದ್ದದ್ದು 1962ರ ಫೆಂಡರ್ ಪ್ರಿಸಿಷನ್ ಬೇಸ್. ಅದಕ್ಕೆ ಲಾ ಬೆಲ್ಲಾ ಕಂಪನಿಯ ದಪ್ಪನೆಯ, ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್ ತಂತಿ. ಆ ತಂತಿ ತುಂಡಾಗುವವರೆಗೆ ಅವರು ಬದಲಾಯಿಸುತ್ತಿರಲಿಲ್ಲ. ಬಲಗೈಯ ತೋರುಬೆರಳು ಒಂದರಿಂದಲೇ ನುಡಿಸುತ್ತಿದ್ದರು. ಆ ಬೆರಳಿಗೆ ಜೊತೆಯವರು 'ಕೊಕ್ಕೆ' ಎಂದೇ ಹೆಸರಿಟ್ಟಿದ್ದರು.

ಇನ್ನೊಂದು ವಿಷಯ ಮುಖ್ಯ. ಆ ಕಾಲದ ಪ್ರಿಸಿಷನ್ ಬೇಸಿನ ಬ್ರಿಡ್ಜ್ ಮೇಲೆ ಒಂದು ಉಕ್ಕಿನ ಮುಚ್ಚಳ ಇರುತ್ತಿತ್ತು. ಅದರ ಒಳಗೆ ಒಂದು ತುಂಡು ಸ್ಪಂಜು. ಮುಚ್ಚಳ ಹಾಕಿದರೆ ಸ್ಪಂಜು ತಂತಿಗಳನ್ನು ಒತ್ತಿ ಹಿಡಿಯುತ್ತದೆ. ತುಂಬ ಜನ ಅದನ್ನು ಕಿತ್ತು ಎಸೆದರು. ಜೇಮರ್ಸನ್ ಇಟ್ಟುಕೊಂಡರು. ಮೀಟಿದ ಕೂಡಲೇ ದೊಪ್ಪೆಂದು ಬೀಳುವ, ಬಾಲ ಇಲ್ಲದ ಸದ್ದು ಅಲ್ಲಿಂದ ಬಂದದ್ದು.

ನನ್ನ ಆಯ್ಕೆ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್', 1971. ಹಾಡುಗಾರ ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಬೇಸ್ ಮಾತಾಡುತ್ತದೆ. ಮೋಟೌನಿನ ವಾದ್ಯಗಾರರ ಹೆಸರು ಕವರ್ ಮೇಲೆ ಅಚ್ಚಾಗಿದ್ದು ಆ ಆಲ್ಬಮ್ಮಿಗೇ. ಅಲ್ಲಿಯವರೆಗೆ ಅಷ್ಟು ವರ್ಷ ನುಡಿಸಿದ ಮನುಷ್ಯನ ಹೆಸರು ಕೇಳುಗರಿಗೆ ಗೊತ್ತಿರಲಿಲ್ಲ. ನಮ್ಮ ಸಿನಿಮಾ ಕ್ಯಾಸೆಟ್‌ಗಳನ್ನು ನೆನಪು ಮಾಡಿಕೊಳ್ಳಿ. ಗಾಯಕರು, ಸಾಹಿತ್ಯ, ಸಂಗೀತ ಎಂದು ಬರೆದಿರುತ್ತಿತ್ತು. ಬೇಸ್ ನುಡಿಸಿದವರು ಎಂದು ಎಲ್ಲಾದರೂ ನೋಡಿದ್ದೀರಾ? ಇಳಯರಾಜ ಅವರಿಗೆ ವರ್ಷಗಟ್ಟಲೆ ಬೇಸ್ ನುಡಿಸಿದ ಶಶಿಧರನ್ ಅವರ ಹೆಸರು ನನಗೆ ಗೊತ್ತಾಗಿದ್ದೇ ನಲವತ್ತು ದಾಟಿದ ಮೇಲೆ. ಇದು ನನಗೆ ಬೇಸರದ ವಿಷಯ.

ಫ್ಲಾಟ್‌ವೂಂಡ್ ತಂತಿ ಹಾಕಿಸಿ. ಸುತ್ತಿದ ತಂತಿ ದುಂಡಗಿದ್ದರೆ ಬೆರಳಿಗೆ ಉಬ್ಬು ಸಿಗುತ್ತದೆ, ಸದ್ದು ಮಿಂಚುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ್ದರೆ ನುಣುಪು, ಸದ್ದೂ ಗುಂಡಗೆ. ಮಾವನ ತಂತಿ ರಿಬ್ಬನ್ ಹಾಗಿತ್ತು ಎಂದಿರಲ್ಲ, ಅದೇ ಇದು.

ಮೊದಲ ಸಾಲಿನ ಅಭಿಮಾನಿ

ಫ್ಲಾಟ್‌ವೂಂಡ್ ಹಾಕಿದ ಕೂಡಲೇ ಗುಂಡಗಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಐರನ್ ಮೇಡನ್ ಬ್ಯಾಂಡಿನ ಸ್ಟೀವ್ ಹ್ಯಾರಿಸ್ ಹಾಕುವುದೂ ಫ್ಲಾಟ್‌ವೂಂಡೇ. ಬೇಸ್ ಕೂಡ ಪ್ರಿಸಿಷನ್ನೇ. ಆದರೆ ಐರನ್ ಮೇಡನ್ ಹಾಡಿನಲ್ಲಿ ಆ ಬೇಸ್ ಕುದುರೆ ಲಾಳದ ಹಾಗೆ ಟಕಟಕ ಎನ್ನುತ್ತದೆ. ಏಕೆಂದರೆ ಅವರು ಪ್ರತಿ ಕಾರ್ಯಕ್ರಮಕ್ಕೂ ಹೊಸ ತಂತಿ ಹಾಕಿಸುತ್ತಾರೆ. ಬೆರಳಿನಿಂದ ಎಷ್ಟು ಜೋರಾಗಿ ಹೊಡೆಯುತ್ತಾರೆ ಎಂದರೆ ತಂತಿ ಹೋಗಿ ನೆಕ್ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ಬಡಿಯುತ್ತದೆ.

2007ರ ಮಾರ್ಚ್ 17, ಅರಮನೆ ಮೈದಾನ. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಕಂಬಿ ಹಿಡಿದುಕೊಂಡಿದ್ದೆ. ಬೇಸ್ ಶುರುವಾದಾಗ ಕಂಬಿ ಕೈಯಲ್ಲಿ ನಡುಗುತ್ತಿತ್ತು. ರೆಕಾರ್ಡಿಂಗ್ ಹೇಳಬೇಕೆಂದರೆ 1983ರ 'ದ ಟ್ರೂಪರ್'.

ಮಲ್ಲೇಶ್ವರದ ಮೋಟೌನ್

ಒಳ್ಳೆಯ ಮಾತು. ಹಾಗಾದರೆ ತಂತಿಯ ಜಾತಿಯಷ್ಟೇ ಅದರ ವಯಸ್ಸೂ ಮುಖ್ಯ ಎಂದಾಯಿತು. ಬಸವನಗುಡಿ ಅವರು ಹೊಸ ಫ್ಲಾಟ್‌ವೂಂಡ್ ಹಾಕಿದರೂ ಕೆಲವು ತಿಂಗಳು ಕಾಯಬೇಕಾಗಬಹುದು.

ವೀಣೆಯಿಂದ ಗಿಟಾರಿಗೆ

ನಾನು ಹನ್ನೊಂದು ವರ್ಷ ವೀಣೆ ಕಲಿತವಳು. ಎಲೆಕ್ಟ್ರಿಕ್ ಗಿಟಾರ್ ಎಂದರೆ ಗಲಾಟೆ ಎಂದುಕೊಂಡಿದ್ದೆ. ಜೆಫ್ ಬೆಕ್ ಅವರ 'ನಾಡಿಯಾ' ಕೇಳಿದ ಮೇಲೆ ಮನಸ್ಸು ಬದಲಾಯಿತು. ನಿತಿನ್ ಸಾಹ್ನಿ ಅವರ ಹಾಡನ್ನು ಬೆಕ್ 2001ರ ಆಲ್ಬಮ್ಮಿನಲ್ಲಿ ಗಿಟಾರಿನಲ್ಲೇ ಹಾಡಿದ್ದಾರೆ. ಹಾಡಿದ್ದಾರೆ ಎಂದೇ ಬರೆಯುತ್ತೇನೆ. ಬೆರಳಿಗೆ ಸ್ಲೈಡ್ ಎಂಬ ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುತ್ತಾರೆ. ಒಂದು ಸ್ವರ ಇನ್ನೊಂದಕ್ಕೆ ಹೋಗುವಾಗ ನಡುವೆ ಮೆಟ್ಟಿಲೇ ಇಲ್ಲ.

ವೀಣೆಯಲ್ಲಿ 24 ಮೆಟ್ಟಿಲು. ಮೇಣದಲ್ಲಿ ಕೂರಿಸಿರುತ್ತಾರೆ. ಗಮಕ ಬೇಕಾದರೆ ಅದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆಯುತ್ತೇವೆ. ಗಿಟಾರಿನವರು ಬೆಂಡ್ ಎನ್ನುವುದೂ ಅದನ್ನೇ. ನಮ್ಮ ಮೇಷ್ಟ್ರು ಯಾವಾಗಲೂ ಒಂದು ಕೆಲಸ ಮಾಡಿಸುತ್ತಿದ್ದರು. ಒಂದೇ ಮೀಟು, ಅದು ಪೂರ್ತಿ ಸಾಯುವವರೆಗೆ ಕೇಳು, ಆಮೇಲೆ ಇನ್ನೊಂದು ಮೀಟು. ಹತ್ತು ನಿಮಿಷ ಬರೀ ಇದೇ. 'ನಾಡಿಯಾ'ದಲ್ಲಿ ಸ್ವರ ಸಾಯುವ ಜಾಗಗಳನ್ನು ಕೇಳಿ. ಶಬ್ದ ಶುರುವಾಗುವುದಕ್ಕಿಂತ ಮುಗಿಯುವುದರಲ್ಲಿ ಅವರ ಗಮನ ಜಾಸ್ತಿ. ಬಸವನಗುಡಿ ಅವರು ಹುಡುಕುತ್ತಿರುವುದೂ ಹೇಗೆ ಮುಗಿಯಬೇಕು ಎಂಬುದನ್ನೇ ಅಲ್ವಾ?

ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರನ್ನೂ ಇಲ್ಲಿ ನೆನೆಯಬೇಕು. ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ತೆಗೆದು, ಐದು ಒಂಟಿ ತಂತಿ ಹಾಕಿ, ಎಲೆಕ್ಟ್ರಿಕ್ ಮಾಡಿಕೊಂಡರು. ಜೋಡಿ ತಂತಿಯಲ್ಲಿ ಗಮಕ ಎಳೆಯುವುದು ಕಷ್ಟ. ಒಂಟಿ ತಂತಿಯಲ್ಲಿ ಕೈ ಹೇಳಿದ ಹಾಗೆ ಬರುತ್ತದೆ.

ಪಿಕ್ ಇಲ್ಲದವನು

ಮೇಡಂ, ಈ ದೃಷ್ಟಿಯಲ್ಲಿ ಯೋಚಿಸಿಯೇ ಇರಲಿಲ್ಲ. ಇವತ್ತು ರಾತ್ರಿ ಕೇಳುತ್ತೇನೆ.

ವಾಲ್ವ್ ಬಿಸಿ

ನಾನು ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಿ ವಾಲ್ವ್ ಆಂಪ್ (ಆಂಪ್ಲಿಫೈಯರ್) ರಿಪೇರಿ ಮಾಡುವವನು. ನನ್ನ ಆಯ್ಕೆ 1978ರ ವ್ಯಾನ್ ಹೇಲನ್ ಮೊದಲ ಆಲ್ಬಮ್. ಎಡ್ಡಿ ವ್ಯಾನ್ ಹೇಲನ್ ಮಾರ್ಷಲ್ ಆಂಪಿಗೆ ಹೋಗುವ ಕರೆಂಟಿನ ವೋಲ್ಟೇಜನ್ನೇ ವೇರಿಯಾಕ್ ಇಟ್ಟು ಇಳಿಸುತ್ತಿದ್ದರು. ಅಮೆರಿಕದ 120ರ ಬದಲು ಸುಮಾರು 90 ವೋಲ್ಟ್. ಆಂಪ್ ಪೂರ್ತಿ ತಿರುಗಿಸಿಟ್ಟಿದ್ದರೂ ಸದ್ದು ಹಿಡಿತದಲ್ಲಿರುತ್ತದೆ, ಮೆತ್ತಗಾಗುತ್ತದೆ. ನಮ್ಮ ಕಡೆ ವೇರಿಯಾಕಿಗೆ ಡಿಮ್ಮರ್‌ಸ್ಟಾಟ್ ಎನ್ನುತ್ತಾರೆ. ಎಸ್.ಪಿ. ರೋಡಿನಲ್ಲಿ ಆ ಹೆಸರು ಹೇಳಿದರೆ ಬೇಗ ತೋರಿಸುತ್ತಾರೆ.

ಯಾರೂ ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ವಾಲ್ವ್ ಆಂಪಿನೊಳಗೆ 400 ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ನನ್ನ ಅಣ್ಣ ಅಮೆರಿಕದಿಂದ ತಂದ 120 ವೋಲ್ಟಿನ ಆಂಪನ್ನು ಹಿಂದೊಮ್ಮೆ ಆತುರದಲ್ಲಿ ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದ್ದೆ. ಒಂದು ಕ್ಷಣ ಗೊರ್ ಎಂದಿತು. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಮೂರು ದಿನ ಕೋಣೆ ಬಿಟ್ಟು ಹೋಗಲಿಲ್ಲ. ಅದಾದ ಮೇಲೆ ಯಾರು ಹೊರಗಿನ ಆಂಪ್ ತಂದರೂ ಮೊದಲು ಹಿಂದಿನ ಫಲಕದ ವೋಲ್ಟೇಜ್ ಓದುತ್ತೇನೆ.

ಕೆಟ್ಟುಹೋದ ಸಾಮಾನಿನಿಂದ ಒಳ್ಳೆಯ ಸದ್ದು ಬಂದದ್ದೂ ಉಂಟು. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡು ಕೇಳಿ. ನಡುವೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುತ್ತಾರೆ. ಅಲ್ಲಿ ಸದ್ದು ಹರಿದ ಬಟ್ಟೆಯ ಹಾಗಿದೆ. ಸ್ಟುಡಿಯೋ ಮಿಕ್ಸರಿನ ಒಂದು ಭಾಗ ಕೆಟ್ಟಿತ್ತು. ಅದನ್ನು ಹಾಗೆಯೇ ಬಿಟ್ಟರು. ರೆಕಾರ್ಡ್ ಮಾಡಿದ ಎಂಜಿನಿಯರ್ ಗ್ಲೆನ್ ಸ್ನಾಡಿ ಆಮೇಲೆ ಅದೇ ಸದ್ದು ಬರುವಂತೆ ಒಂದು ಡಬ್ಬಿ ಮಾಡಿದರು. ಅದೇ ಮೇಸ್ಟ್ರೋ ಫಜ್ ಪೆಡಲ್. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಕೀತ್ ರಿಚರ್ಡ್ಸ್ ಬಳಸಿದ್ದು ಅದನ್ನೇ.

ನಾಲ್ಕು ಸ್ವರ

1975, ಪಿಂಕ್ ಫ್ಲಾಯ್ಡ್, 'ಶೈನ್ ಆನ್ ಯು ಕ್ರೇಜಿ ಡೈಮಂಡ್'. ಸುಮಾರು ನಾಲ್ಕನೇ ನಿಮಿಷಕ್ಕೆ ಡೇವಿಡ್ ಗಿಲ್ಮೋರ್ ನುಡಿಸುವ ನಾಲ್ಕು ಸ್ವರ. ಕೆಂಗೇರಿಯ ಕೊನೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳುತ್ತಿದ್ದೆ. ನನಗೆ ಇನ್ನೇನೂ ಬರೆಯಲು ಬರುವುದಿಲ್ಲ.

ಫ್ರೆಟ್ ಕಿತ್ತವನು

ಬೇಸಿಸ್ಟ್ ಜಾಕೋ ಪಾಸ್ಟೋರಿಯಸ್, 1976ರ ಮೊದಲ ಆಲ್ಬಮ್, 'ಪೋರ್ಟ್ರೇಟ್ ಆಫ್ ಟ್ರೇಸಿ'. ಜಾಝ್ ಬೇಸಿನ ಫ್ರೆಟ್‌ಗಳೆಲ್ಲ ಕಿತ್ತು, ದೋಣಿಗೆ ಬಳಿಯುವ ಎಪಾಕ್ಸಿಯನ್ನು ಮರದ ಮೇಲೆ ಬಳಿದಿದ್ದರು. ದುಂಡು ಸುತ್ತಿನ ತಂತಿ ಮರವನ್ನು ತಿನ್ನಬಾರದು ಎಂದು. ಗಟ್ಟಿ ಎಪಾಕ್ಸಿ ಮೇಲೆ ತಂತಿ ಒತ್ತಿದಾಗ ಸ್ವರ ಗುನುಗುತ್ತದೆ. ಬ್ರಿಡ್ಜಿನ ಹತ್ತಿರ ಮೀಟುತ್ತಿದ್ದರು, ಅದರಿಂದ ಇನ್ನೂ ಸ್ಪಷ್ಟ.

ಬಸವನಗುಡಿಯವರಿಗೆ ಬೇಕಿರುವುದಕ್ಕೆ ಇದು ಪೂರ್ತಿ ಉಲ್ಟಾ. ಆದರೆ ಒಂದು ಪಾಠ ಇಲ್ಲಿದೆ. ಬ್ರಿಡ್ಜಿನಿಂದ ದೂರ, ನೆಕ್ ಕಡೆಗೆ ಮೀಟಿ ನೋಡಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಮಿಕ್ಸಿಂಗ್ ಮೇಜು

ನಾನು ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಒಂದು ಲೆಕ್ಕ ಹೇಳುತ್ತೇನೆ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲ್ ಸ್ಪೀಕರಿಗೆ ಆ ಸದ್ದು ಎಬ್ಬಿಸಲು ಆಗುವುದೇ ಇಲ್ಲ. ಆದರೂ ನಮಗೆ ಬೇಸ್ ಕೇಳಿಸುತ್ತದೆ. ಹೇಗೆ? 82, 124, 165 ಹೀಗೆ ಅದರ ಮೇಲಿನ ಸ್ವರಗಳೂ ಜೊತೆಗೇ ಇರುತ್ತವೆ. ಅವುಗಳಲ್ಲಿ ಸಿಕ್ಕಿದ್ದನ್ನು ಹಿಡಿದು ಮೆದುಳು ಕೆಳಗಿನದನ್ನು ತಾನೇ ಕಟ್ಟಿಕೊಳ್ಳುತ್ತದೆ. 'ಗೀತಾ' ಹಾಡುಗಳನ್ನು ನಮ್ಮ ಮನೆಗಳಲ್ಲಿ ಸಣ್ಣ ರೇಡಿಯೋ, ಸಣ್ಣ ಟೇಪ್ ರೆಕಾರ್ಡರಿನಲ್ಲೇ ಕೇಳಿದ್ದು. ಆದರೂ ಬೇಸ್ ಎಲ್ಲರಿಗೂ ನೆನಪಿದೆ. ಮೀಟಿದ ಕ್ಷಣದ ದೊಪ್ ಸ್ಪಷ್ಟವಾಗಿ ಬಿದ್ದಿರುವುದರಿಂದ ಅದು ಚಿಕ್ಕ ಸ್ಪೀಕರಿನಿಂದಲೂ ಹೊರಗೆ ಬರುತ್ತದೆ.

ಆದ್ದರಿಂದ ಟ್ರೆಬಲ್, ಅಂದರೆ ಚುರುಕು ಸದ್ದಿನ ಗುಂಡಿಯನ್ನು, ಪೂರ್ತಿ ಇಳಿಸಬೇಡಿ. ಹೊಸಬರು ಮಾಡುವ ತಪ್ಪು ಅದು. ಗುಂಡಗಿನ ಸದ್ದು ಬೇಕೆಂದು ಮುಚ್ಚಿದರೆ ಬರೀ ಮಂಕು ಬರುತ್ತದೆ.

ಹಳೇ ಆರ್ಕೆಸ್ಟ್ರಾ

ತಡವಾಗಿ ನೋಡಿದೆ. ನಾನು ಮೂವತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಢೋಲಕ್ ನುಡಿಸಿದವನು. ನಿಮ್ಮ ಮಾವನ ಜೊತೆಯೂ ಯಾವುದೋ ಸ್ಟೇಜಿನಲ್ಲಿ ಕೂತಿರಬಹುದು, ತಮ್ಮಾ. ಎಲ್ಲರೂ ತಂತಿ, ಆಂಪ್ ಎಂದು ಬರೆದಿದ್ದಾರೆ, ಒಳ್ಳೆಯದೇ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಕೇಸಿನಲ್ಲಿ ಕರ್ಚೀಫು ಇತ್ತು ಎಂದೆಯಲ್ಲ, ಅದನ್ನು ಒಗೆದುಬಿಟ್ಟೆಯಾ?

ಏಕೆ ಕೇಳಿದೆ ಎಂದರೆ, ರಸ್ತೆ ಕಾರ್ಯಕ್ರಮದಲ್ಲಿ ಎರಡೂ ಕಡೆ ಮನೆಗಳ ಗೋಡೆ. ಬೇಸ್ ಉದ್ದ ಬಿಟ್ಟರೆ ಗೋಡೆಗೆ ಬಡಿದು ವಾಪಸ್ ಬಂದು ಮುಂದಿನ ಸ್ವರದ ಮೇಲೆ ಹತ್ತುತ್ತದೆ. ನನ್ನ ಢೋಲಕ್ ಅದರಲ್ಲಿ ಮುಳುಗಿಹೋಗುತ್ತಿತ್ತು. ಬೇಸಿನವರನ್ನು ಗಿಡ್ಡ ಮಾಡಿ ಎಂದು ಬೇಡಿಕೊಳ್ಳುತ್ತಿದ್ದೆವು. ಅದಕ್ಕೆ ಅವರು ಬ್ರಿಡ್ಜಿನ ಹತ್ತಿರ ತಂತಿ ಕೆಳಗೆ ಬಟ್ಟೆ ಸಿಕ್ಕಿಸುತ್ತಿದ್ದರು. ಜೇಮರ್ಸನ್ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸ್ಪಂಜು ಕೊಡುವವರೂ ಇರಲಿಲ್ಲ. ಜೇಬಿನಲ್ಲಿ ಕರ್ಚೀಫು ಇತ್ತು.

ಬಸವನಗುಡಿ ಬೇಸ್

ಅಣ್ಣಾ, ಒಗೆದಿಲ್ಲ. ಕೈ ಒರೆಸಿಕೊಳ್ಳುವುದಕ್ಕೆ ಇಟ್ಟಿದ್ದರು ಎಂದುಕೊಂಡು ಬೀರುವಿನಲ್ಲಿ ಇಟ್ಟಿದ್ದೆ. ನಿಮ್ಮ ಮಾತು ಓದಿ ಈಗಲೇ ಎದ್ದು ಹೋಗಿ ತೆಗೆದು ನೋಡಿದೆ.

ಮಡಿಕೆಯ ಮೇಲೆ ನಾಲ್ಕು ಕಪ್ಪು ಗೆರೆಗಳಿವೆ. ಸ್ಕೇಲ್ ಇಟ್ಟು ಅಳೆದೆ. ಗೆರೆಯಿಂದ ಗೆರೆಗೆ 19 ಮಿಲಿಮೀಟರ್. ಬೇಸಿನ ಬ್ರಿಡ್ಜ್ ಹತ್ತಿರ ತಂತಿಯಿಂದ ತಂತಿಗೆ ಅಳೆದೆ. ಅಲ್ಲೂ 19.

ಇನ್ನೂ ಒಂದು. ಮಡಿಕೆ ಎರಡೂ ಕಡೆ ಒಂದೇ ದಪ್ಪ ಇಲ್ಲ. ಒಂದು ತುದಿಯಲ್ಲಿ ಎಂಟು ಪದರ, ಇನ್ನೊಂದು ತುದಿಯಲ್ಲಿ ನಾಲ್ಕೇ. ಬೇಕೆಂದೇ ಹಾಗೆ ಮಡಚಿ, ಬಿಚ್ಚಿಹೋಗದಂತೆ ಎರಡು ಹೊಲಿಗೆ ಹಾಕಿದ್ದಾರೆ. ಕಪ್ಪು ದಾರ. ಅದು ಅತ್ತೆಯ ಹೊಲಿಗೆ, ನನಗೆ ಗೊತ್ತು.

ಈಗ ರಾತ್ರಿ ಹನ್ನೊಂದೂವರೆ. ನಾಳೆ ಹೇಳುತ್ತೇನೆ.

ಹಳೇ ಆರ್ಕೆಸ್ಟ್ರಾ

ದಪ್ಪ ತುದಿ ದಪ್ಪ ತಂತಿಗೆ. ತೆಳು ತುದಿ ತೆಳು ತಂತಿಗೆ. ದಪ್ಪ ತಂತಿ ದೊಪ್ಪೆಂದು ನಿಲ್ಲಬೇಕು, ನನ್ನ ಢೋಲಕ್ ಜೊತೆ ಬೀಳಬೇಕು. ತೆಳು ತಂತಿಯಲ್ಲಿ ಚರಣದ ನಡುವೆ ಸಣ್ಣ ತುಣುಕುಗಳು ಬರುತ್ತವಲ್ಲ, ಅವು ಸ್ವಲ್ಪ ಹಾಡಬೇಕು. ತಿಳಿದವರು ಮಾಡಿಕೊಂಡ ಮಡಿಕೆ ಅದು.

ಬಸವನಗುಡಿ ಬೇಸ್

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಫ್ಲಾಟ್‌ವೂಂಡ್ ತಂತಿ ತರಿಸಿಕೊಂಡೆ. ನಾನೇ ಹಾಕಿದೆ, ಅಂಗಡಿಗೆ ಕೊಡಲಿಲ್ಲ. ಬ್ರಿಡ್ಜಿನಿಂದ ದೂರ ಮೀಟಿದೆ. ಟ್ರೆಬಲ್ ಅರ್ಧ ಇಟ್ಟೆ. ಕರ್ಚೀಫಿನ ಗೆರೆಗಳನ್ನು ತಂತಿಗೆ ಹೊಂದಿಸಿ ಒಳಗೆ ಸೇರಿಸಿದೆ. ಹಾಡು ಹಾಕಿಕೊಂಡು ಜೊತೆಗೆ ನುಡಿಸಿದೆ. ದಪ್ಪ ತಂತಿ ಮೂರೂ ಸರಿ. ಕೊನೆಯ ತೆಳು ತಂತಿ ಮಾತ್ರ ಪೂರ್ತಿ ಸತ್ತ ಹಾಗೆ ಕೇಳುತ್ತಿದೆ.

ಹಳೇ ಆರ್ಕೆಸ್ಟ್ರಾ

ಬಟ್ಟೆಯ ತೆಳು ತುದಿಯನ್ನು ಬ್ರಿಡ್ಜ್ ಕಡೆಗೆ ಒಂದು ಬೆರಳಿನ ಅಗಲ ಎಳೆದುಕೋ. ಓರೆ ಆಗಲಿ, ಪರವಾಗಿಲ್ಲ. ನಾಲ್ಕನೇ ಗೆರೆ ಸ್ವಲ್ಪ ಓರೆಯಾಗಿಯೇ ಬಿದ್ದಿರಬೇಕು ನೋಡು.

ಬಸವನಗುಡಿ ಬೇಸ್

ಹೌದಣ್ಣ, ಓರೆಯಾಗಿದೆ. ಎಳೆದೆ. ಬಂತು.